ಗರಿಕೆ ನಂಬಿ ಬದುಕಬಹುದೇ?

ಮಂಗಳೂರಿನಲ್ಲಿ ಈಗ ‘ಟರ್ಫ್’ ಎಂದರೆ ಸುತ್ತ ಬಲೆ ಕಟ್ಟಿದ, ಎತ್ತರದ ಕಂಬಗಳಿಂದ ಬಿಳಿ ಬೆಳಕು ಸುರಿಯುವ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಹುಲ್ಲಿನ ಅಂಗಳ. ಆಫೀಸು ಬಿಟ್ಟವರು ರಾತ್ರಿ ಹತ್ತರ ಮೇಲೆ ಅಲ್ಲಿ ಬಾಕ್ಸ್ ಕ್ರಿಕೆಟ್ ಆಡುತ್ತಾರೆ. ಹಾಗಾಗಿ ಪಿಯುಸಿ ಮುಗಿಸಿದ ನೆಂಟರ ಹುಡುಗ ‘ಟರ್ಫ್ ಮ್ಯಾನೇಜ್‌ಮೆಂಟ್ ಕಲಿತರೆ ಏನು ಕೆಲಸ ಸಿಕ್ತದೆ?’ ಎಂದು ನನ್ನನ್ನು ಕೇಳಿದಾಗ, ಪಕ್ಕದಲ್ಲಿದ್ದ ಅವನಪ್ಪ ‘ಬುಕಿಂಗ್ ಬರೆದುಕೊಳ್ಳುವ ಕೆಲಸವಾ ಮಾರಾಯ?’ ಎಂದರು. ಅವನು ಕೇಳಿದ್ದು ನಿಜವಾದ ಹುಲ್ಲಿನ ವಿಷಯ ಎಂದು ತಿಳಿದ ಮೇಲಂತೂ ಅವರ ಮುಖ ಇನ್ನೂ ಇಳಿಯಿತು. ನಮ್ಮೂರ ಮಟ್ಟಿಗೆ ‘ಹುಲ್ಲು ಹೆರೆಯಲು ಹೋಗು’ ಎಂಬುದು ಓದದ ಮಕ್ಕಳಿಗೆ ಹಾಕುವ ಬೆದರಿಕೆ ತಾನೇ!

ಹತ್ತು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಲು ಆಗಲಿಲ್ಲ. ಆ ದಿನ ಅರ್ಧಕ್ಕೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟರ್ಫ್ ಎಂದರೆ ಒತ್ತಾಗಿ ಹಬ್ಬಿದ, ಪದೇ ಪದೇ ಕತ್ತರಿಸಿದರೂ ತುಳಿದರೂ ಮತ್ತೆ ಚಿಗುರುವ ಹುಲ್ಲು ಮತ್ತು ಅದರ ಬೇರು ಹಿಡಿದಿರುವ ಮಣ್ಣು, ಎರಡೂ ಸೇರಿದ ಹಾಸು. ಕ್ರಿಕೆಟ್ ಮೈದಾನ, ಫುಟ್‌ಬಾಲ್ ಅಂಗಳ, ಗಾಲ್ಫ್ ಕೋರ್ಸ್, ಕುದುರೆ ರೇಸಿನ ಓಟದ ದಾರಿ, ರೆಸಾರ್ಟಿನ ಹುಲ್ಲುಹಾಸು, ಐಟಿ ಕಂಪನಿಗಳ ಆವರಣ ಎಲ್ಲವೂ ಇದರೊಳಗೆ ಬರುತ್ತವೆ. ಇಲ್ಲಿ ಬಳಸುವ ಹುಲ್ಲುಗಳ ಪೈಕಿ ಮುಖ್ಯವಾದದ್ದು ಪರದೇಶದ ಅಪರೂಪದ ವಸ್ತುವೇನಲ್ಲ. ಚೌತಿಯಂದು ಗಣಪತಿಗೆ 21 ಕುಡಿ ಏರಿಸುತ್ತೇವಲ್ಲ, ಅದೇ ಗರಿಕೆ. ಜಗತ್ತು ಅದನ್ನು ಬರ್ಮುಡಾ ಹುಲ್ಲು ಎನ್ನುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಈ ಗರಿಕೆಯನ್ನು ಅದರ ಆಫ್ರಿಕಾದ ಬಂಧುವಿನ ಜೊತೆ ಕೂಡಿಸಿ 1960ರಲ್ಲಿ ‘ಟಿಫ್‌ವೇ 419’ ಎಂಬ ತಳಿ ಬಿಡುಗಡೆ ಮಾಡಿದರು. ಬಿಸಿ ದೇಶಗಳ ಆಟದ ಮೈದಾನಗಳಲ್ಲಿ ಇಂದಿಗೂ ಅದರದ್ದೇ ದೊಡ್ಡ ಪಾಲು. ಈ ಸಂಕರ ತಳಿಯಲ್ಲಿ ಮೊಳೆಯುವ ಬೀಜ ಆಗುವುದಿಲ್ಲ. ಕಡ್ಡಿ ನೆಟ್ಟೇ ಹಬ್ಬಿಸಬೇಕು. ಈ ಸಣ್ಣ ಸಂಗತಿಯಿಂದಲೇ ಒಂದು ಇಡೀ ಕಸುಬು ಹುಟ್ಟಿದೆ. ಅದರ ಮಾತು ಕೊನೆಗೆ ಬರುತ್ತದೆ.

ಮೊದಲು ಕೆಲಸದ ಕಷ್ಟ ಅರ್ಥವಾಗಬೇಕು. ಸಂಬಳ ಕೊಡುವುದೇ ಆ ಕಷ್ಟಕ್ಕೆ.

ಭತ್ತ ಬೆಳೆಯುವವನಿಗೆ ಒಂದು ಕೊಯ್ಲು ಇದೆ. ಕೊಯ್ದ ಮೇಲೆ ಗದ್ದೆ ಹೇಗಿದ್ದರೂ ನಡೆಯುತ್ತದೆ. ಟರ್ಫಿನವನಿಗೆ ಕೊಯ್ಲೇ ಇಲ್ಲ. ಅವನ ಬೆಳೆ ವರ್ಷದ 365 ದಿನವೂ ಹಸಿರಾಗಿ, ಸಮನಾಗಿ, ಕಾಲಿಗೆ ಗಟ್ಟಿಯಾಗಿ ಇರಬೇಕು. ಅದರ ಮೇಲೆ 22 ಜನ ಮುಳ್ಳಿನ ಬೂಟು ಹಾಕಿ ಓಡುತ್ತಾರೆ. ಅಷ್ಟು ಸಾಲದೆಂದು ಅದನ್ನು ಸದಾ ಅರೆಹೊಟ್ಟೆಯಲ್ಲಿ ಇಡುತ್ತೇವೆ. ಎಲೆ ಎಂದರೆ ಹುಲ್ಲಿನ ಅಡುಗೆಮನೆ, ಅದನ್ನು ದಿನಾ ಕತ್ತರಿಸುತ್ತೇವೆ. ಫುಟ್‌ಬಾಲ್ ಮೈದಾನದಲ್ಲಿ ಸುಮಾರು 25 ಮಿ.ಮೀ. ಎತ್ತರ ಬಿಟ್ಟರೆ, ಗಾಲ್ಫಿನಲ್ಲಿ ಚೆಂಡು ಕುಳಿಗೆ ಉರುಳುವ ‘ಗ್ರೀನ್’ ಎಂಬ ಜಾಗದಲ್ಲಿ 3 ಮಿ.ಮೀ. ಆಸುಪಾಸು. ಎರಡು ಹಳೆಯ ಐದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟರೆ ಹುಲ್ಲು ಅದರ ಹಿಂದೆ ಮರೆಯಾದೀತು! ಆದರೂ ಅದು ಬದುಕುತ್ತದೆ, ಏಕೆಂದರೆ ಹುಲ್ಲಿನ ಬೆಳವಣಿಗೆಯ ಕಣ್ಣು ತುದಿಯಲ್ಲಿಲ್ಲ, ಬುಡದಲ್ಲಿ ನೆಲಕ್ಕೆ ಅಂಟಿಕೊಂಡಿದೆ. ಮೇಕೆ ಮೇದರೂ ಸಾಯದ ಗುಣವನ್ನೇ ನಾವು ಆಟಕ್ಕೆ ಬಳಸಿಕೊಂಡಿದ್ದೇವೆ.

ಇದಕ್ಕೂ ಮಿತಿ ಉಂಟು. ಒಮ್ಮೆಗೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ. ಮೀರಿದರೆ ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ. ನಮ್ಮ ಕಡೆ ಎರಡು ತಿಂಗಳು ಹಾಗೇ ಬಿಟ್ಟು, ಕ್ರೀಡೋತ್ಸವದ ಹಿಂದಿನ ದಿನ ನೈಲಾನ್ ಬಳ್ಳಿ ತಿರುಗುವ ಮೆಷಿನ್ ತಂದು ಬುಡದವರೆಗೆ ಹೊಡೆಸುತ್ತಾರೆ. ಮರುದಿನ ಮೈದಾನ ಒಣ ಬೈಹುಲ್ಲಿನ ಬಣ್ಣಕ್ಕೆ ತಿರುಗಿದಾಗ ‘ನೀರು ಸಾಲಲಿಲ್ಲ’ ಎನ್ನುತ್ತಾರೆ. ಬಳ್ಳಿ ಹುಲ್ಲನ್ನು ಕತ್ತರಿಸುವುದೂ ಅಲ್ಲ, ಹರಿಯುತ್ತದೆ. ಹರಿದ ತುದಿ ಬಿಳಿಚಿ, ರೋಗಕ್ಕೆ ಬಾಗಿಲು ತೆರೆದಿಟ್ಟಂತೆ.

ಆಟಿಯ ಮಳೆ, ಮೇ ತಿಂಗಳ ಬಿಸಿಲು

ಹುಲ್ಲಿಗೆ ಪರೀಕ್ಷೆ ಇಡಬೇಕೆಂದರೆ ಕರಾವಳಿಗಿಂತ ಕಠಿಣವಾದ ಊರು ಸಿಗುವುದು ಕಷ್ಟ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಒಂದು ಲೆಕ್ಕ ನೋಡಿ. ಅಂತರರಾಷ್ಟ್ರೀಯ ಅಳತೆಯ ಫುಟ್‌ಬಾಲ್ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಜುಲೈಯಲ್ಲಿ 100 ಮಿ.ಮೀ. ಮಳೆ ಸುರಿದ ಒಂದು ದಿನ, ಇಲ್ಲಿ ಅದೇನೂ ಅಪರೂಪವಲ್ಲ, ಆ ಅಂಗಳದ ಮೇಲೆ 7 ಲಕ್ಷ 14 ಸಾವಿರ ಲೀಟರ್ ನೀರು ಬಿದ್ದಿರುತ್ತದೆ. ಕಂಬಳಕ್ಕಾದರೆ ಒಳ್ಳೆಯದೇ, ಫುಟ್‌ಬಾಲಿಗೆ ಹೇಗೆ?

ನಮ್ಮ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದು ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ: ಬೆಟ್ಟು ಎತ್ತರದ್ದು, ಮಜಲು ನಡುವಿನದ್ದು, ಬೈಲು ತಗ್ಗಿನದ್ದು. ಟರ್ಫಿನ ಎಂಜಿನಿಯರಿಂಗ್ ಎಂದರೆ ಬೈಲಿನಂಥ ಜಾಗವನ್ನೂ ಬೆಟ್ಟಿನ ಹಾಗೆ ವರ್ತಿಸುವಂತೆ ಮಾಡುವ ವಿದ್ಯೆ. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಪ್ರಕಟಿಸಿದ ಗ್ರೀನ್ ಕಟ್ಟುವ ವಿಧಾನವೇ ಇದಕ್ಕೆ ಮಾದರಿಯಾಗಿ ಉಳಿದಿದೆ. ಕೆಳಗೆ ಬಸಿಯುವ ಪೈಪು, ಅದರ ಮೇಲೆ 10 ಸೆಂ.ಮೀ. ಜಲ್ಲಿ, ಅದರ ಮೇಲೆ 30 ಸೆಂ.ಮೀ. ಆಯ್ದ ಗಾತ್ರದ ಮರಳು. ಗಂಟೆಗೆ 150 ಮಿ.ಮೀ. ನೀರನ್ನಾದರೂ ಆ ಮರಳು ಕೆಳಗಿಳಿಸಬೇಕು.

ಇಲ್ಲಿ ಒಂದು ವಿಚಿತ್ರವಿದೆ. ಮರಳಿನ ಕೆಳಗೆ ಜಲ್ಲಿ ಇದ್ದರೆ ನೀರು ಸರ್ರನೆ ಇಳಿದು ಹೋಗುತ್ತದೆ ಎಂದೇ ಎಲ್ಲರ ಅಂದಾಜು. ಹಾಗಾಗುವುದಿಲ್ಲ. ಮರಳಿನ ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ, ಜಲ್ಲಿಯ ದೊಡ್ಡ ಸಂದುಗಳಿಗೆ ಬಿಟ್ಟುಕೊಡುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ಅಡ್ಡ ಹಿಡಿದರೆ ತೊಟ್ಟಿಕ್ಕುವುದು ನಿಂತ ಮೇಲೂ ಅಡಿಭಾಗ ತುಂಬಿಯೇ ಇರುತ್ತದಲ್ಲ, ಹಾಗೆ. ಮರಳಿನ ಅಡಿಭಾಗ ತುಂಬಿದ ಮೇಲೆಯೇ ಹೆಚ್ಚಾದದ್ದು ಕೆಳಗೆ ಸುರಿಯುತ್ತದೆ. ಅಂದರೆ ಇದೊಂದೇ ಪದರ ಜಡಿಮಳೆಗೆ ಚರಂಡಿ, ಬಿಸಿಲಿಗೆ ಟ್ಯಾಂಕಿ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗಾದ ಖುಷಿ ದೊಡ್ಡದು.

ಆದರೆ ಲೆಕ್ಕ ಹಾಕಿ: ಒಂದು ಫುಟ್‌ಬಾಲ್ ಅಂಗಳಕ್ಕೆ 30 ಸೆಂ.ಮೀ. ಮರಳು ಎಂದರೆ 2,100 ಘನ ಮೀಟರಿಗೂ ಮಿಕ್ಕಿತು. ಮನೆ ಕಟ್ಟಲು ನಾಲ್ಕು ಲೋಡ್ ಮರಳಿಗೆ ಪರದಾಡಿದ ದಕ್ಷಿಣ ಕನ್ನಡ, ಉಡುಪಿಯ ಜನರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಕಡಲಿನ ಮರಳಿನಲ್ಲಿ ಉಪ್ಪು. ಎಂ-ಸ್ಯಾಂಡಿನ ಕಣಗಳಿಗೆ ಚೂಪು ಅಂಚು, ಜೊತೆಗೆ ಪುಡಿ ಜಾಸ್ತಿ, ತೊಳೆಯದೆ ಹಾಕಿದರೆ ಒತ್ತಿಕೊಂಡು ಗಾರೆಯಾಗುತ್ತದೆ. ಯಾವ ಮರಳು ಆದೀತು, ಯಾವುದು ಆಗದು ಎಂದು ಜರಡಿ ಹಿಡಿದು ಹೇಳಬಲ್ಲವನಿಗೆ ಇಲ್ಲಿ ಬೆಲೆ ಇದೆ.

ಮಳೆಗಾಲದ ಇನ್ನೊಂದು ಕಷ್ಟ ಮೋಡ. ಗರಿಕೆಗೆ ದಿನಕ್ಕೆ ಆರೇಳು ಗಂಟೆಯಾದರೂ ನೇರ ಬಿಸಿಲು ಬೇಕು. ಆಟಿ ತಿಂಗಳಲ್ಲಿ ಸೂರ್ಯನ ಮುಖವೇ ಕಾಣದ ವಾರಗಳಿರುತ್ತವೆ. ಆಗ ಹುಲ್ಲು ಸೊರಗುತ್ತದೆ, ಎಲೆಯ ಮೇಲೆ ನೀರು ಆರುವುದಿಲ್ಲ, ಶಿಲೀಂಧ್ರಗಳಿಗೆ ಸುಗ್ಗಿ. ಪಿಥಿಯಂ ಎಂಬ ರೋಗಾಣು ಒಂದೇ ರಾತ್ರಿಯಲ್ಲಿ ಹುಲ್ಲನ್ನು ಎಣ್ಣೆ ಹಚ್ಚಿದಂತೆ ಮಾಡಿ ಮಲಗಿಸುತ್ತದೆ. ಅಡಿಕೆ ಬೆಳೆಗಾರರೇ, ಇದು ನಿಮಗೆ ಹೊಸಬನಲ್ಲ. ನಿಮ್ಮ ಕೊಳೆರೋಗದ ಫೈಟಾಫ್ತೊರಾದ ದಾಯಾದಿ. ಮಳೆ ಹಿಡಿಯುವ ಮೊದಲೇ ಮದ್ದು ಬಿಡಬೇಕು, ನೀರು ಹರಿದುಹೋಗುವ ಕಣಿ ಬಿಡಿಸಬೇಕು ಎಂಬ ನಿಮ್ಮ ಬುದ್ಧಿಯೇ ಇಲ್ಲಿಯೂ ನಡೆಯುವುದು. ಅಡಿಕೆಯ ಬೇರು ತಿನ್ನುವ ಬೇರುಹುಳುವಿನ ಬಳಗವೂ ಮೈದಾನದ ಕೆಳಗೆ ಕಾಯುತ್ತಿರುತ್ತದೆ. ತೋಟದ ಮನೆಯ ಹುಡುಗರು ಈ ಕೆಲಸದಲ್ಲಿ ಬೇಗ ಮುಂದೆ ಬರುತ್ತಾರೆ ಎಂದು ನಾನು ಹೇಳುವುದು ಇದಕ್ಕೇ.

ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ಗುತ್ತಿಗೆ ಉಡುಪಿ ಕಡೆಯ ಒಂದು ಆವರಣದ್ದು. ಮೇ ಕೊನೆಗೆ ಬರುವ ಪತ್ತನಾಜೆಗೆ ನಾಲ್ಕು ದಿನ ಮೊದಲು, ಮಾವಿನ ಮರಗಳ ಕೆಳಗೆ, ನರ್ಸರಿಯವರು ಕೊರಿಯನ್ ಎಂದು ಮಾರುವ ನಯವಾದ ಹುಲ್ಲು ಹಾಸಿದ್ದೆ. ಮಳೆ ಇದೆ, ನೀರು ಹಾಕುವ ಖರ್ಚು ಉಳಿಯಿತು ಎಂಬ ಜಾಣತನ ನನ್ನದು. ಜುಲೈ ಮುಗಿಯುವಷ್ಟರಲ್ಲಿ ಅದು ಒದ್ದೆ ಗೋಣಿಯಂತೆ ಕೈಗೆ ಎದ್ದು ಬಂತು. ಬಾಕಿ ಹಣ ಕೇಳಲು ಬಾಯಿ ಬರಲಿಲ್ಲ. ಅದೇ ಮರದ ಬುಡದಲ್ಲಿ, ಯಾರೂ ನೆಡದ, ಎಲ್ಲರೂ ಕಳೆ ಎನ್ನುವ ಅಗಲ ಎಲೆಯ ಕಾರ್ಪೆಟ್ ಹುಲ್ಲು ನೆರಳು, ಹುಳಿ ಮಣ್ಣು ಎರಡನ್ನೂ ಸಹಿಸಿಕೊಂಡು ಹಸಿರಾಗಿತ್ತು.

ಮಣ್ಣು ಹುಳಿಯಾಗಿರುವುದು ನಮ್ಮ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ನೆಲದ ಗುಣ. ಸಾವಿರಾರು ವರ್ಷ ಮಳೆ ತೊಳೆದ ನೆಲದಲ್ಲಿ ಸುಣ್ಣದ ಅಂಶ ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಹಾಕಿದ ರಂಜಕವನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಕೊಡುವುದಿಲ್ಲ. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸದೆ ಮೂಟೆ ಮೂಟೆ ಗೊಬ್ಬರ ಸುರಿದರೆ ಲಾಭ ಗೊಬ್ಬರದ ಅಂಗಡಿಗೆ ಮಾತ್ರ.

ಇನ್ನು ಬೇಸಿಗೆ. ಅದೇ ಮುರ ನೆಲ ಫೆಬ್ರವರಿ ಕಳೆದರೆ ಕಾವಲಿ. ಬಿಸಿಲಿನಲ್ಲಿ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ನೀರು ಎಂದುಕೊಂಡರೂ ಒಂದು ಫುಟ್‌ಬಾಲ್ ಅಂಗಳಕ್ಕೆ 35,700 ಲೀಟರ್, 12 ಸಾವಿರ ಲೀಟರಿನ ಮೂರು ಟ್ಯಾಂಕರ್. ತುಂಬೆ ಅಣೆಕಟ್ಟಿನ ಮಟ್ಟ ಪತ್ರಿಕೆಯ ಮುಖಪುಟಕ್ಕೆ ಬರುವ ಮೇ ತಿಂಗಳಲ್ಲಿ, ಬಜೆಯಲ್ಲಿ ಸ್ವರ್ಣಾ ನದಿಯ ತಳ ಕಾಣುವ ಹೊತ್ತಿನಲ್ಲಿ, ಕುಡಿಯುವ ನೀರನ್ನು ಹುಲ್ಲಿಗೆ ಬಿಡುವುದು ಯಾರಿಗೂ ಒಪ್ಪುವ ಮಾತಲ್ಲ, ಒಪ್ಪಲೂಬಾರದು. ಕೊಳಚೆ ನೀರನ್ನು ಶುದ್ಧ ಮಾಡಿ ಹರಿಸುವ ವ್ಯವಸ್ಥೆ ನೋಡಿಕೊಳ್ಳುವ ತಂತ್ರಜ್ಞ ಆಗ ಮೈದಾನದ ಪ್ರಾಣ. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿ ಬಾವಿಗೆ ಉಪ್ಪು ನುಗ್ಗಿದರೆ ಗರಿಕೆಗಿಂತ ಪಾಸ್ಪಾಲಂ ಎಂಬ ಕಡಲ ಹುಲ್ಲು ವಾಸಿ. 2022ರ ಕತಾರ್ ವಿಶ್ವಕಪ್ ಫುಟ್‌ಬಾಲಿಗೆ ಹಾಸಿದ್ದು ಇದೇ ಜಾತಿಯ ಒಂದು ತಳಿಯನ್ನು.

ಹಾಗಾದರೆ ಕೆಲಸ ಎಲ್ಲಿ?

ಮೇಲೆ ಬರೆದ ಒಂದೊಂದು ಕಷ್ಟದ ಹಿಂದೆಯೂ ಒಂದೊಂದು ಹುದ್ದೆ ಇದೆ. ಎಲ್ಲರ ಮೇಲೆ ಗಾಲ್ಫಿನಲ್ಲಿ ‘ಸೂಪರಿಂಟೆಂಡೆಂಟ್’, ಕ್ರಿಕೆಟಿನಲ್ಲಿ ‘ಕ್ಯುರೇಟರ್’. ಅವರ ಕೆಳಗೆ ಸಹಾಯಕ, ನೀರಾವರಿ ತಂತ್ರಜ್ಞ, ಔಷಧಿ ಸಿಂಪಡಿಸುವವರು, ಯಂತ್ರ ಓಡಿಸುವವರು, ಮೆಕ್ಯಾನಿಕ್, ಮೈದಾನದ ಸಿಬ್ಬಂದಿ. ಹೊರಗಿನಿಂದ ಮಣ್ಣು, ರೋಗ ನೋಡಿ ಸಲಹೆ ಕೊಡುವ ತಜ್ಞರು, ಯಂತ್ರ, ಬೀಜ, ಗೊಬ್ಬರ ಮಾರುವ ಕಂಪನಿಗಳು.

ಗಾಲ್ಫ್ ಭಾರತಕ್ಕೆ ಹೊಸದಲ್ಲ. ಕಲ್ಕತ್ತಾದ ಕ್ಲಬ್ಬು 1829ರದ್ದು, ಬೆಂಗಳೂರಿನದ್ದು 1876ರದ್ದು. ನಮ್ಮಲ್ಲೂ ವಾಮಂಜೂರು ದಾಟಿದರೆ ಪಿಲಿಕುಳದಲ್ಲಿ ಗಾಲ್ಫ್ ಕೋರ್ಸ್ ಇದೆ. ಹುಲಿ ನೀರು ಕುಡಿಯುತ್ತಿದ್ದ ಕೆರೆಯ ಹೆಸರಿನ ಊರಿನಲ್ಲಿ ಈಗ ಬಿಳಿ ಚೆಂಡು ಉರುಳುತ್ತದೆ. ಆದರೆ ಒಂದು ಜಿಲ್ಲೆಗೆ ಒಂದು ಕೋರ್ಸ್ ಇದ್ದರೆ ಸೂಪರಿಂಟೆಂಡೆಂಟ್ ಹುದ್ದೆಯೂ ಒಂದೇ. ಆ ಏಣಿ ಹತ್ತುವವರು ಊರು ಬಿಡಲು ತಯಾರಿರಬೇಕು: ಬೆಂಗಳೂರು, ಪುಣೆ, ದೆಹಲಿ, ಇಲ್ಲವೇ ನಮ್ಮವರಿಗೆ ಹಳೆಯ ದಾರಿಯಾದ ಗಲ್ಫ್. ದುಬೈಯ ಎಮಿರೇಟ್ಸ್ ಗಾಲ್ಫ್ ಕ್ಲಬ್ 1988ರಲ್ಲಿ ಮರುಭೂಮಿಯ ಮೇಲೆ ಹಸಿರು ಹುಲ್ಲಿನ ಕೋರ್ಸ್ ತೆರೆದ ಮೇಲೆ ಅಲ್ಲಿ ಇಂಥ ಮೈದಾನಗಳು ಸಾಲುಗಟ್ಟಿದವು. ಬಜ್ಪೆಯಿಂದ ವಿಮಾನ ಹತ್ತುವ ಹುಡುಗರಿಗೆ ಅಂಗಡಿ, ಹೋಟೆಲು, ತೈಲ ಕಂಪನಿ ಗೊತ್ತು. ಹುಲ್ಲಿನ ಕೆಲಸ ಗೊತ್ತಿಲ್ಲ.

ಕ್ರಿಕೆಟಿನ ದಾರಿ ಬೇರೆ. ಪಿಚ್ ಎಂದರೆ 20.12 ಮೀಟರ್ ಉದ್ದ, 3.05 ಮೀಟರ್ ಅಗಲದ ಜೇಡಿಮಣ್ಣಿನ ಪಟ್ಟಿ. ಅಲ್ಲಿ ಹುಲ್ಲಿಗಿಂತ ಮಣ್ಣೇ ಮುಖ್ಯ, ಹುಲ್ಲಿನ ಬೇರು ಅದನ್ನು ಕಟ್ಟಿ ಹಿಡಿಯುವ ನಾರು. ನಮ್ಮ ಮುರ ಮಣ್ಣು ಇದಕ್ಕೆ ಆಗದು. ನೆನೆದರೆ ಉಬ್ಬಿ, ಒಣಗಿದರೆ ಬಿಗಿಯುವ ಜೇಡಿಯನ್ನು ಹೊರಗಿನಿಂದ ತರಬೇಕು. ಎಷ್ಟು ತೇವ ಇರುವಾಗ, ಎಷ್ಟು ತೂಕದ ರೋಲರ್, ಎಷ್ಟು ಹೊತ್ತು ಎಂಬುದು ಪುಸ್ತಕಕ್ಕಿಂತ ಹೆಚ್ಚಾಗಿ ಹೆಬ್ಬೆರಳು ಒತ್ತಿ ತಿಳಿಯುವ ವಿಷಯ. ಭಾರತೀಯ ಕ್ರಿಕೆಟ್ ಮಂಡಳಿ ಕ್ಯುರೇಟರುಗಳಿಗೆ ತರಬೇತಿ, ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಅಲ್ಲಿಗೆ ತಲುಪಲು ರಾಜ್ಯ ಸಂಸ್ಥೆಯ ಮೈದಾನದಲ್ಲಿ ದುಡಿದಿರಬೇಕು. ಜಸಿಂತಾ ಕಲ್ಯಾಣ್ ಅವರನ್ನು ನೋಡಿ. ಕರ್ನಾಟಕ ಕ್ರಿಕೆಟ್ ಸಂಸ್ಥೆಯಲ್ಲಿ ರಿಸೆಪ್ಶನಿಸ್ಟ್ ಆಗಿ ಸೇರಿದವರು, ಮೈದಾನದ ಜವಾಬ್ದಾರಿಗೆ ಇಳಿದು, 2024ರ ಮಹಿಳಾ ಪ್ರೀಮಿಯರ್ ಲೀಗಿಗೆ ಬೆಂಗಳೂರಿನಲ್ಲಿ ಪಿಚ್ ಸಿದ್ಧಪಡಿಸಿ ದೇಶದ ಮೊದಲ ಮಹಿಳಾ ಕ್ಯುರೇಟರ್ ಎನಿಸಿದರು. ಅದೇ ಚಿನ್ನಸ್ವಾಮಿ ಕ್ರೀಡಾಂಗಣದ ನೆಲದಡಿ 2017ರಿಂದ ನೀರು ಹೀರುವ, ಬೇರಿಗೆ ಗಾಳಿ ಊದುವ ಸಬ್‌ಏರ್ ವ್ಯವಸ್ಥೆ ಇದೆ. ಅಂದರೆ ಮೈದಾನಕ್ಕೆ ಈಗ ಎಲೆಕ್ಟ್ರಿಕಲ್ ಗೊತ್ತಿರುವವರೂ ಬೇಕು.

ನನ್ನನ್ನು ಕೇಳಿದರೆ ಎಲ್ಲರೂ ಕಡೆಗಣಿಸಿರುವ ಕೆಲಸ ಮೆಕ್ಯಾನಿಕನದ್ದು. ಒಳ್ಳೆಯ ಮೈದಾನಗಳಲ್ಲಿ ಬಳಸುವುದು ‘ರೀಲ್ ಮೋವರ್’. ತಿರುಗುವ ಸುರುಳಿ ಬ್ಲೇಡು ಕೆಳಗಿನ ಸ್ಥಿರ ಬ್ಲೇಡಿಗೆ ತಾಗಿಯೂ ತಾಗದಂತೆ ಸರಿದು ಕತ್ತರಿಯ ಹಾಗೆ ಹುಲ್ಲು ಕತ್ತರಿಸುತ್ತದೆ. ನಡುವಿನ ಸಂದು ಕಾಗದದ ದಪ್ಪ ತಪ್ಪಿದರೂ ಮೈದಾನದ ತುಂಬ ಗೆರೆ. ಆ ಬ್ಲೇಡುಗಳನ್ನು ಮಸೆದು ಕೂರಿಸಬಲ್ಲವರು, ಹೈಡ್ರಾಲಿಕ್ ಬಿಚ್ಚಿ ಜೋಡಿಸಬಲ್ಲವರು ಬಹಳ ಕಡಿಮೆ. ಯಂತ್ರ ಕೆಟ್ಟರೆ ಬೆಂಗಳೂರಿನಿಂದ ಜನ ಬರುವವರೆಗೆ ಹುಲ್ಲು ಬೆಳೆಯುತ್ತಲೇ ಇರುತ್ತದೆ. ಐಟಿಐ ಮಾಡಿದ, ದೋಣಿ ಎಂಜಿನ್ನಿಗೋ ಟಿಲ್ಲರಿಗೋ ಕೈ ಹಾಕಿ ಅಭ್ಯಾಸವಿರುವ ನಮ್ಮ ಹುಡುಗರಿಗೆ ಇದು ಸಲೀಸು.

ಓದಿನ ವಿಷಯ ಚುಟುಕಾಗಿ. ಟರ್ಫ್ ಎಂದೇ ಪದವಿ ಹುಡುಕಬೇಡಿ. ಸಿಇಟಿ ಮೂಲಕ ನಾಲ್ಕು ವರ್ಷದ ಬಿಎಸ್ಸಿ ತೋಟಗಾರಿಕೆ ಅಥವಾ ಕೃಷಿ, ಆಮೇಲೆ ಬೇಕಿದ್ದರೆ ಪುಷ್ಪಕೃಷಿ ಮತ್ತು ಭೂದೃಶ್ಯ ವಿಭಾಗದಲ್ಲಿ ಎಂಎಸ್ಸಿ. ಹುಲ್ಲುಹಾಸಿನ ಪಾಠ ಅದರಲ್ಲಿ ಬರುತ್ತದೆ. ನಮಗೆ ಹತ್ತಿರದ್ದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯ. ಅದರದ್ದೇ ಸಂಶೋಧನಾ ಕೇಂದ್ರ ಬ್ರಹ್ಮಾವರದಲ್ಲಿದೆ, ಕರಾವಳಿ ಮಣ್ಣಿನ ಬಗ್ಗೆ ಕೇಳಲು ಅಲ್ಲಿಗೆ ಹೋಗಬಹುದು. ಟರ್ಫ್ ಹುಲ್ಲಿನ ಸಂಶೋಧನೆ ಪುಣೆಯ ಪುಷ್ಪಕೃಷಿ ಸಂಶೋಧನಾ ನಿರ್ದೇಶನಾಲಯದಲ್ಲಿ ನಡೆಯುತ್ತದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿಯೂ ಕಲಿಸುತ್ತದೆ, ಶುಲ್ಕ ಮಾತ್ರ ನಮ್ಮ ಕೈಗೆ ದುಬಾರಿ. ಈ ಕಾಗದಗಳಿಗಿಂತ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಯಾವುದಾದರೂ ಮೈದಾನದಲ್ಲಿ ಕೆಲಸ ಮಾಡಿ ಎನ್ನುತ್ತೇನೆ. ಬೆಳಿಗ್ಗೆ ಐದೂವರೆಗೆ, ಆಟಗಾರರು ಬರುವ ಮೊದಲು, ಹಗ್ಗ ಎಳೆದು ಇಬ್ಬನಿ ಕೊಡವುವುದರಿಂದ ದಿನ ಶುರುವಾಗುತ್ತದೆ. ಭಾನುವಾರ, ಹಬ್ಬ ಅಂದರೆ ಊರಿಗೆ ರಜೆ, ಮೈದಾನಕ್ಕೆ ಪಂದ್ಯ. ಶುರುವಿನ ಸಂಬಳ ಹೇಳಿಕೊಳ್ಳುವಂತಿರುವುದಿಲ್ಲ. ಇದನ್ನು ಮುಚ್ಚಿಟ್ಟು ಬಣ್ಣದ ಫೋಟೊ ತೋರಿಸುವವರ ಮಾತಿಗೆ ಮರುಳಾಗಬೇಡಿ.

ಊರಲ್ಲೇ ಇರುತ್ತೇನೆ ಎನ್ನುವವರಿಗೆ ನರ್ಸರಿ ಮತ್ತು ನಿರ್ವಹಣೆಯ ಗುತ್ತಿಗೆ. ಮಣಿಪಾಲದ ಕಾಲೇಜು ಆವರಣಗಳು, ಮುಡಿಪುವಿನ ಐಟಿ ಕ್ಯಾಂಪಸ್, ಆಸ್ಪತ್ರೆ, ಕಡಲ ಬದಿಯ ರೆಸಾರ್ಟು ಎಲ್ಲಕ್ಕೂ ಹುಲ್ಲು ಬೇಕು, ನೋಡಿಕೊಳ್ಳುವ ಜನವೂ ಬೇಕು. ಘಟ್ಟದ ಮೇಲಿಂದ ಲಾರಿಯಲ್ಲಿ ಬರುವ ಹುಲ್ಲಿನ ಚಪ್ಪಡಿ ದಾರಿಯಲ್ಲೇ ಬಿಸಿಯಾಗಿ ಹಳದಿಗಟ್ಟುವುದುಂಟು, ಜೊತೆಗೆ ಜೇಕು ಎಂಬ ಕಳೆಯ ಗಡ್ಡೆ ಉಚಿತ. ಒಮ್ಮೆ ಜೇಕು ಹೊಕ್ಕ ಅಂಗಳದಿಂದ ಅದನ್ನು ಓಡಿಸುವುದು ಭೂತ ಬಿಡಿಸಿದಷ್ಟೇ ಕಷ್ಟ. ಬೀಜವಾಗದ ಸಂಕರ ಗರಿಕೆಗೆ ಕಡ್ಡಿಯೇ ಗತಿ ಎಂದೆನಲ್ಲ, ಆ ಕಡ್ಡಿಯನ್ನು ಕಳೆಯಿಲ್ಲದೆ ಇಲ್ಲೇ ಬೆಳೆಸಿ ಕೊಡುವವನಿಗೆ ಗಿರಾಕಿ ತಪ್ಪುವುದಿಲ್ಲ.

ಹುಡುಗ ಈಗ ಒಂದು ಮೈದಾನಕ್ಕೆ ಹೋಗಿಬರುತ್ತಿದ್ದಾನೆ. ಮೊದಲ ವಾರ ಕೈಯೆಲ್ಲ ಬೊಬ್ಬೆ. ಮೊನ್ನೆ ಅವನಪ್ಪ ಫೋನ್ ಮಾಡಿ, ಬುಕಿಂಗಿನ ಮಾತು ಎತ್ತದೆ, ಹತ್ತು ವರ್ಷದಿಂದ ಹಡಿಲು ಬಿದ್ದಿರುವ ಮನೆ ಹಿಂದಿನ ಗದ್ದೆಯಲ್ಲಿ ಗರಿಕೆ ಹಾಕಿದರೆ ಹೇಗೆ ಎಂದು ಕೇಳಿದರು. ಚಪ್ಪಡಿ ಕಿತ್ತು ಮಾರಿದರೆ ಪ್ರತಿ ಸಲವೂ ಮೇಲ್ಮಣ್ಣು ಹೋಗುತ್ತದೆ, ಕಡ್ಡಿಗೆ ಮಾತ್ರ ಬೆಳೆಸಿ ಎಂದೆ. ಬೆಟ್ಟು ಗದ್ದೆಯಾದರೆ ಆದೀತು, ಬೈಲಾದರೆ ಬೇಡ. ಅವರು ಮಜಲು ಎನ್ನುತ್ತಾರೆ. ಮಳೆ ಬಿಟ್ಟ ಮೇಲೆ ಒಮ್ಮೆ ಹೋಗಿ ಕಣಿ ಯಾವ ಕಡೆ ಇಳಿಯುತ್ತದೆ ಎಂದು ನೋಡಿ ಬರಬೇಕು.